ಇಪ್ಪತ್ತಾರು ಪಾಯಿಂಟ್ ಎರಡರಲ್ಲಿ ನಿಂತ ಅಟ್ಟ

ಅಂದು ನಡೆದದ್ದನ್ನು ಹಲವರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ನನ್ನ ಪಾಲಿನ ಭಾಗ ಬಂದಾಗ ಸ್ವಲ್ಪ ಅವಸರ ಮಾಡಿದ್ದೇನೆ. ಇಲ್ಲಿ ಹಾಗೆ ಮಾಡಬಾರದೆಂದು ನಿಧಾನವಾಗಿ ಬರೆಯುತ್ತಿದ್ದೇನೆ. ಗಂಟೆ, ಅಂಕಿ, ಯಾರು ಎಲ್ಲಿ ನಿಂತಿದ್ದರು ಎಂಬುದನ್ನು ನೆನಪಿದ್ದಷ್ಟು ಸರಿಯಾಗಿ ಇಡುತ್ತೇನೆ.

ನಾನು ತಿಪಟೂರಿನಲ್ಲಿ ತೆಂಗು ಬೆಳೆಗಾರರ ಒಂದು ಸಣ್ಣ ಸಂಘದ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತೇನೆ. ನಮ್ಮ ಕಡೆ ಉಂಡೆ ಕೊಬ್ಬರಿ ಆಗುವುದು ಅಟ್ಟದ ಮೇಲೆ. ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೇರಿಸಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಕಾಯಿ ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಅಟ್ಟದ ನೆಲ ಎಂದರೆ ಸಂದು ಬಿಟ್ಟು ಜೋಡಿಸಿದ, ಅಡಿಕೆ ಮರ ಸೀಳಿದ ದಬ್ಬೆಗಳು. ಕೆಳಗೆ ಬರಿಯ ಮಣ್ಣಿನ ನೆಲ. ಇದಕ್ಕೆಂದೇ ವಾಸದ ಮನೆಯಿಂದ ಬೇರೆಯಾಗಿ ಒಂದು ಅಟ್ಟದ ಮನೆ ಇರುತ್ತದೆ. ಮಳೆಗಾಲದಲ್ಲಿ ಜಡಿಮಳೆ ಹಿಡಿದರೆ ಮೇಲಿನ ಕಾಯಿಗೆ ಬೂಸ್ಟು ಬರುತ್ತದೆ. ಆಗ ಕೆಳಗೆ ಕಾಯಿಮಟ್ಟೆ, ಚಿಪ್ಪನ್ನು ಮಂಕರಿ ಎಂಬ ಬುಟ್ಟಿಯಲ್ಲಿ ತಂದು ಗುಡ್ಡೆ ಹಾಕಿ, ಉರಿ ಏಳದಂತೆ ಕಿಚ್ಚಿಟ್ಟು, ಹೊಗೆಯನ್ನು ಸಂದುಗಳಿಂದ ಮೇಲಕ್ಕೆ ಬಿಡುತ್ತಾರೆ. ಹೊಗೆ ಹಾಕುವುದು ಎನ್ನುತ್ತಾರೆ ಅದಕ್ಕೆ. ಕಾವು ಕಡಿಮೆಯಾದರೆ ಕಾಯಿ ಕೆಡುತ್ತದೆ, ಹೆಚ್ಚಾದರೆ ಅಟ್ಟವೇ ಹೋಗುತ್ತದೆ. ದಬ್ಬೆಯ ಸಂದಿನಲ್ಲಿ ವರ್ಷಗಳ ನಾರಿನ ಪುಡಿ ತುಂಬಿರುತ್ತದೆ.

ಸಂಘದವರು ಹನ್ನೆರಡು ಅಟ್ಟಗಳಲ್ಲಿ ಕಾವು ಮತ್ತು ತೇವ ಅಳೆಯುವ ಸೆನ್ಸರ್ ಹಾಕಿಸಿದರು. ಬೆರಳುದ್ದದ ಬ್ಯಾಟರಿ ಡಬ್ಬಿ, ಅಟ್ಟದ ಕಂಬಕ್ಕೆ ಕಟ್ಟಿದ್ದು. ಅದು ಹತ್ತು ನಿಮಿಷಕ್ಕೊಮ್ಮೆ ಅಟ್ಟದ ಮನೆಯ ಕೆಳಗೆ ಪ್ಲಗ್ಗಿಗೆ ಸಿಕ್ಕಿಸಿದ ರೂಟರಿಗೆ ಅಂಕಿ ಕೊಡುತ್ತದೆ. ಸಿಮ್ ಹಾಕಿದ ಆ ಬಿಳಿ ಡಬ್ಬ ಅದನ್ನು ಕ್ಲೌಡಿಗೆ, ಅಂದರೆ ಬಾಡಿಗೆಗೆ ಹಿಡಿದ ದೂರದ ಉಗ್ರಾಣಕ್ಕೆ, ಒಂದು ಪುಟ್ಟ ಕಡತವಾಗಿ ಕಳಿಸುತ್ತದೆ. ಆ ಕಡತಗಳನ್ನು ಓದಿ ಬೆಳೆಗಾರರ ಫೋನಿನಲ್ಲಿ ತೋರಿಸುವ ವೆಬ್ ಪುಟ ನನ್ನ ಕೆಲಸ.

ಮೊದಲ ಎರಡು ತಿಂಗಳು ಪುಟ ಓದುತ್ತಿದ್ದದ್ದು ನಾನೇ ಕೂತು ಟೈಪ್ ಮಾಡಿದ ಮಾದರಿ ಕಡತವನ್ನು. ಅಂಕಿಗಳೆಲ್ಲ ಕಲ್ಪನೆಯವು. ಪುಟ ಚೆನ್ನಾಗಿ ಕಾಣುತ್ತಿತ್ತು. ನಿಜವಾದ ಉಗ್ರಾಣಕ್ಕೆ ಜೋಡಿಸಲು ಹೊರಟಾಗ ಒಂದು ವಾರ ಅದು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿತು. ಒಮ್ಮೆ ಕೀಲಿ ತಪ್ಪು, ಒಮ್ಮೆ ಓದುವ ಅನುಮತಿ ಇಲ್ಲ, ಒಮ್ಮೆ ಗಡಿಯಾರಗಳಲ್ಲಿ ಐದೂವರೆ ಗಂಟೆಯ ವ್ಯತ್ಯಾಸ. ಕೊನೆಗೆ ಒಂದು ಮಧ್ಯಾಹ್ನ ಪರದೆಯ ಮೇಲಿನ ಅಂಕಿ ತಾನಾಗಿಯೇ ಬದಲಾಯಿತು. ನಾನು ಟೈಪ್ ಮಾಡಿರದ ಅಂಕಿ. ಶೆಟ್ಟಿಕೆರೆಯ ಆಚೆಯ ಒಂದು ಹಳ್ಳಿಯ ಅಟ್ಟದಲ್ಲಿ ಆ ಗಳಿಗೆಗಿದ್ದ ಕಾವು. ಕುರ್ಚಿಯಿಂದ ಎದ್ದು ನಿಂತುಬಿಟ್ಟೆ.

ಆ ಅಟ್ಟದ ಯಜಮಾನಿ ಒಬ್ಬ ಅಜ್ಜಿ. ಅರವತ್ತೈದು ದಾಟಿತ್ತು. ಮಗ ತೋಟ, ಮಾರುಕಟ್ಟೆ ನೋಡಿಕೊಂಡರೆ ಅಟ್ಟ ಅವರದೇ. ಹಿಂದಿನ ವರ್ಷ ಮಂಡಿ ನೋವು ಬಂದು ಏಣಿ ಹತ್ತುವುದು ಕಷ್ಟವಾಗಿತ್ತು. ಅದಕ್ಕೇ ಸೆನ್ಸರ್ ಬೇಕೆಂದು ಮೊದಲು ಹೆಸರು ಕೊಟ್ಟವರು ಅವರು. ಡಬ್ಬಿ ಕಟ್ಟಲು ಹೋದ ದಿನ ನನ್ನನ್ನು ಏಣಿಯ ಕೆಳಗೆ ನಿಲ್ಲಿಸಿ, ಸೊಸೆಯ ಭುಜ ಹಿಡಿದು ಹತ್ತಿ, ದಬ್ಬೆಯ ಮೇಲೆ ಬಲ ಅಂಗೈ ಊರಿ ಹೇಳಿದರು:

"ನಾನ್ ನೋಡೋದು ಹಿಂಗೆ ಕಣವ್ವ. ಹೊಗೆ ಹಾಕ್ದಾಗ ದಬ್ಬೆ ಎಳೇಕೂಸಿನ ಹೊಟ್ಟೆಯಂಗೆ ಬೆಚ್ಚಗಿದ್ರೆ ಸರಿ. ಕರೆಯೋ ಹಸಿನ ಕೆಚ್ಚಲಿನಂಗೆ ಬಿಸಿ ಬಂತೋ, ಕಿಚ್ಚು ಎಳೀಬೇಕು. ನಿನ್ ಡಬ್ಬಿಗೆ ಇದು ಗೊತ್ತಾಯ್ತದಾ?"

"ಗೊತ್ತು ಮಾಡಿಸ್ತೀನಿ ಅಜ್ಜಿ" ಎಂದೆ. ಕೊಟ್ಟಿಗೆಗೆ ಹೋಗಿ ಥರ್ಮಾಮೀಟರನ್ನು ಹಸುವಿನ ಕೆಚ್ಚಲಿಗೆ ಒತ್ತಿ ಹಿಡಿದೆ. ಮೂವತ್ತೇಳೂವರೆ ಡಿಗ್ರಿ ಬಂತು. ಸೊಸೆ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. "ಅತ್ತೆ, ಹಸಿಗೂ ಜ್ವರ ನೋಡ್ತಾವ್ರೆ!" ನಮ್ಮ ಪುಟದಲ್ಲಿ ಮೂವತ್ತೇಳೂವರೆಯ ಕೆಳಗೆ ಹಸಿರು, ಮೇಲೆ ಕೆಂಪು. ಹನ್ನೆರಡು ಅಟ್ಟಕ್ಕೂ ಅದೇ ಗೆರೆ.

ಅಜ್ಜಿ ಸುಮ್ಮನೆ ನಂಬಿದವರಲ್ಲ. ಮೂರು ವಾರ ನಂಬದೆ ನೋಡಿದರು. ಬೆಳಗ್ಗೆ ಕಷ್ಟಪಟ್ಟು ಹತ್ತಿ, ಅಂಗೈ ಇಟ್ಟು, "ನೆನ್ನೆಗಿಂತ ಚೂರು ತಂಪು" ಎಂದು ಮೇಲಿಂದ ಕೂಗುವುದು. ಸೊಸೆ ಫೋನ್ ನೋಡಿ "ಹೌದತ್ತೆ, ಅರ್ಧ ಕಮ್ಮಿ ಅದೆ" ಎನ್ನುವುದು. ಇಪ್ಪತ್ತೊಂದು ದಿನದಲ್ಲಿ ಒಂದು ದಿನವೂ ಎರಡರ ಮಾತು ತಪ್ಪಲಿಲ್ಲವಂತೆ. ಆಮೇಲೆ ಅಜ್ಜಿ ಏಣಿಯನ್ನು ಗೋಡೆಗೆ ಒರಗಿಸಿ, "ಇನ್ನ ನೀನೇ ಹತ್ತು ಕಣಪ್ಪ" ಎಂದು ಫೋನಿಗೆ ಹೇಳಿದರಂತೆ.

ಈಗ ನನ್ನ ಭಾಗ.

ಸಂಘದ ಸಭೆಯಲ್ಲಿ ಪುಟವನ್ನು ಗೋಡೆಯ ಮೇಲೆ ತೋರಿಸುವಾಗ ನೆಟ್‌ವರ್ಕ್ ಹೋಯಿತು. ಕಡತ ಸಿಗದೆ ಹನ್ನೆರಡು ಚೌಕಗಳೂ ಬಿಳಿಯಾದವು. ಹಿಂದಿನ ಸಾಲಿನಿಂದ ಯಾರೋ, "ಏನ್ ಮೇಡಂ, ಒಂದೇ ಸಲಕ್ಕೆ ಅಷ್ಟೂ ಅಟ್ಟ ಖಾಲಿ ಮಾಡ್ಬುಟ್ರಾ?" ಎಂದರು. ಸಭೆಯೆಲ್ಲ ನಕ್ಕಿತು. ನಾನೂ ನಗಲು ನೋಡಿದೆ, ಮುಖ ಬಿಸಿಯಾಗಿತ್ತು. ಸಭೆ ಮುಗಿದ ಮೇಲೆ ಕಾರ್ಯದರ್ಶಿಯವರು ಹೇಳಿದರು: "ಏನಾದ್ರೂ ತೋರ್ಸಿ ಕಣ್ರೀ, ಖಾಲಿ ಮಾತ್ರ ತೋರಿಸ್ಬೇಡಿ. ನಗ್ತಾರೆ."

ಅವತ್ತು ಸಂಜೆ ಪುಟದ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಹೊಸ ಕಡತ ಸಿಗದಿದ್ದರೆ, ಕೊನೆಯದಾಗಿ ಸಿಕ್ಕ ಅಂಕಿಯನ್ನೇ ತೋರಿಸುವುದು. ಅದು ಎಷ್ಟು ಹೊತ್ತಿನ ಹಿಂದಿನದು ಎಂದು ಬರೆಯಬಹುದಿತ್ತು. ಚೌಕದಲ್ಲಿ ಜಾಗವಿತ್ತು. ಬರೆದರೆ ಮತ್ತೆ ಯಾರಾದರೂ ಕೇಳುತ್ತಾರೆ, ಉತ್ತರ ಕೊಡಬೇಕಾಗುತ್ತದೆ ಎಂದು ಬಿಟ್ಟೆ. ಮರೆತು ಬಿಟ್ಟದ್ದಲ್ಲ, ಯೋಚಿಸಿಯೇ ಬಿಟ್ಟದ್ದು. ಯಾರೂ ಮತ್ತೆ ನಗಲಿಲ್ಲ.

ಆಷಾಢದ ಜಡಿ ಹಿಡಿದು ಐದನೆಯ ದಿನ. ಬೆಳಗ್ಗೆ ಹತ್ತೂವರೆಗೆ ಪುಟ ತೆರೆದೆ. ಹನ್ನೆರಡೂ ಹಸಿರು. ಅಜ್ಜಿಯ ಅಟ್ಟ ಇಪ್ಪತ್ತಾರು ಪಾಯಿಂಟ್ ಎರಡು. ಕಾಫಿ ಕುಡಿದು ಬಂದು ಹನ್ನೊಂದೂಕಾಲಿಗೆ ನೋಡಿದೆ. ಉಳಿದ ಅಟ್ಟಗಳು ಪಾಯಿಂಟು, ಎರಡು ಪಾಯಿಂಟು ಮೇಲೆ ಕೆಳಗೆ ಆಗಿದ್ದವು. ಅಜ್ಜಿಯದು ಇಪ್ಪತ್ತಾರು ಪಾಯಿಂಟ್ ಎರಡು. ತೇವವೂ ಅಷ್ಟೇ, ಒಂದು ಅಂಕಿಯೂ ಅಲುಗಿರಲಿಲ್ಲ. ಆಗಲೇ ಏಳಬೇಕಿತ್ತು. ಏಳಲಿಲ್ಲ. ಒಬ್ಬರಿಗೆ ರಸೀದಿ ಮುದ್ರಿಸಿ ಕೊಟ್ಟೆ. ಹನ್ನೊಂದು ಐವತ್ತಕ್ಕೆ ಮತ್ತೆ ನೋಡಿದಾಗಲೂ ಇಪ್ಪತ್ತಾರು ಪಾಯಿಂಟ್ ಎರಡು. ಗಾಳಿಯಾಡುವ ಅಟ್ಟ ಹಾಗೆ ಒಂದೇ ಅಂಕಿಗೆ ಕೂರುವುದಿಲ್ಲ.

ಪುಟ ಬಿಟ್ಟು ಉಗ್ರಾಣವನ್ನೇ ತೆರೆದೆ. ಅಜ್ಜಿಯ ಅಟ್ಟದ ಹೆಸರಿನಲ್ಲಿ ಕೊನೆಯ ಕಡತ ಬಂದದ್ದು ಬೆಳಗ್ಗೆ ಎಂಟು ಹತ್ತಕ್ಕೆ. ಆಮೇಲೆ ಒಂದೂ ಇಲ್ಲ. ಮೂರು ಗಂಟೆ ನಲವತ್ತು ನಿಮಿಷದಿಂದ ನನ್ನ ಆ ಸಾಲು ಹಳೆಯ ಅಂಕಿಯನ್ನು ಹಸಿರು ಬಣ್ಣದಲ್ಲಿ ಹೇಳುತ್ತಾ ಕೂತಿತ್ತು.

ಕಾರ್ಯದರ್ಶಿಯವರಿಗೆ ಹೇಳಿದೆ. ಅವರು ತಮ್ಮ ಫೋನಿನಲ್ಲಿ ಪುಟ ನೋಡಿ, "ಹಸಿರೇ ಐತಲ್ಲ ಬುಡಿ" ಎಂದರು.

ಸೊಸೆಗೆ ಫೋನ್ ಮಾಡಿದೆ. ಮೂರನೆಯ ಸಲಕ್ಕೆ ಎತ್ತಿದಳು. ಅಟ್ಟದ ಮನೆಯ ಒಳಗೆ ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ, ಅಂಗಳಕ್ಕೆ ಬಂದು ಮಾತಾಡಬೇಕು. ಮಳೆ ಹನಿಯುವ ಸದ್ದು ಕೇಳಿಸುತ್ತಿತ್ತು.

"ಮೇಡಂ, ನಾವೇ ಮಾಡೋಣ ಅಂತಿದ್ವಿ. ಬೆಳಗ್ಗೆಯಿಂದ ಹೊಗೆ ಹಾಕೀವಿ, ಕಾವೇ ಏರ್ತಿಲ್ಲ ನೋಡಿ. ಇನ್ನೂ ಇಪ್ಪತ್ತಾರೇ ತೋರಿಸ್ತದೆ. ಅತ್ತೆ ನಾಕನೇ ಮಂಕ್ರಿ ಮಟ್ಟೆ ಹಾಕ್ತಾವ್ರೆ."

ಆ ಅಂಕಿ ಬರೀ ಸುಮ್ಮನೆ ನಿಂತಿರಲಿಲ್ಲ. ಕಾವು ಸಾಲದು, ಇನ್ನೂ ಹಾಕು, ಇನ್ನೂ ಹಾಕು ಎಂದು ಹೇಳುತ್ತಿತ್ತು.

ನಾನು ಹೇಳಿದ ಮಾತು ನನಗೆ ಅಕ್ಷರಕ್ಕಕ್ಷರ ನೆನಪಿದೆ. "ಆ ಅಂಕಿ ನಂಬಬೇಡಿ, ಅದು ಹಳೇದು. ಹಾಕೋದು ನಿಲ್ಲಿಸಿ. ದಬ್ಬೆ ಮುಟ್ಟಿ ನೋಡಿ."

ಯಾರು ಮುಟ್ಟಬೇಕೆಂದು ಹೇಳಲಿಲ್ಲ. "ಅತ್ತೇ, ಮುಟ್ಟಿ ನೋಡ್ಬೇಕಂತೆ!" ಎಂದು ಅವಳು ಅಟ್ಟದ ಮನೆಯೊಳಕ್ಕೆ ಕೂಗಿದ್ದು ಕೇಳಿಸಿತು. ಕರೆ ಕಡಿಯಿತು. ಮತ್ತೆ ಮಾಡಿದೆ, ಹೋಗಲಿಲ್ಲ.

ಸ್ಕೂಟರ್ ತೆಗೆದುಕೊಂಡು ಹೊರಟೆ. ರೇನ್‌ಕೋಟ್ ಕಚೇರಿಯಲ್ಲೇ ಉಳಿಯಿತು. ಅರ್ಧ ಗಂಟೆಗೂ ಮೇಲಿನ ದಾರಿ. ಎರಡೂ ಕಡೆ ತೆಂಗಿನ ತೋಟ, ರಸ್ತೆ ತುಂಬ ಕೆಂಪು ನೀರು. ಬ್ಯಾಗಿನೊಳಗೆ ಫೋನ್ ಎರಡು ಸಲ ಅದುರಿತು. ನಿಲ್ಲಿಸಿ ನೋಡಬಹುದಿತ್ತು. ನಿಲ್ಲಿಸಲಿಲ್ಲ. ಬೇಗ ತಲುಪಲಿಕ್ಕೆ ಎಂದು ಆಮೇಲೆ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ, ಆ ಕರೆಯಲ್ಲಿ ಏನಿದೆಯೋ ಎಂಬ ಹೆದರಿಕೆಯೂ ಇತ್ತು. ಶೆಟ್ಟಿಕೆರೆ ದಾಟಿದ ಮೇಲೆ ತೋಟಗಳ ತಲೆಯ ಮೇಲೆ ಹೊಗೆ ಹುಡುಕಿದೆ. ಮೋಡವೂ ಹೊಗೆಯೂ ಒಂದೇ ಬಣ್ಣದಲ್ಲಿದ್ದವು, ಏನೂ ಗೊತ್ತಾಗಲಿಲ್ಲ.

ನಾನು ಹೋದಾಗ ಅಂಗಳದಲ್ಲಿ ಏಳೆಂಟು ಜನ. ತೋಟದ ಮೋಟರಿಗೆ ಪೈಪ್ ಸಿಕ್ಕಿಸಿ ಅಟ್ಟದ ಮನೆಯೊಳಕ್ಕೆ ನೀರು ಬಿಡುತ್ತಿದ್ದರು. ಬಾಗಿಲಿನಿಂದ ಕಪ್ಪು ನೀರು ಹರಿದು ಬರುತ್ತಿತ್ತು. ಅರ್ಧ ಸುಟ್ಟ ಮಟ್ಟೆಗಳನ್ನು ಕೊಕ್ಕೆಯಿಂದ ಎಳೆದು ಅಂಗಳಕ್ಕೆ ಹಾಕಿದ್ದರು, ಮಳೆಹನಿ ಬಿದ್ದು ಸುಂಯ್ ಎನ್ನುತ್ತಿದ್ದವು. ಒಳಗೆ ಬಗ್ಗಿ ನೋಡಿದೆ. ಮೂಲೆಯಲ್ಲಿ ಒಂದು ಚಾಪೆಯಗಲ ದಬ್ಬೆ ಕರಿದಾಗಿ ಮುರಿದು, ಅಲ್ಲಿಂದ ಕಾಯಿಗಳು ಕೆಳಕ್ಕೆ ಸುರಿದಿದ್ದವು. ಸರಿಯಾಗಿ ಅಜ್ಜಿ ಮಂಕರಿ ಹಿಡಿದು ಕೂತಿದ್ದ ಜಾಗ ಎಂದು ಯಾರೋ ಹೇಳಿದರು.

ಅಜ್ಜಿ ಅಲ್ಲಿರಲಿಲ್ಲ. ಅಂಗಳ ಸುತ್ತಿ ಹುಡುಕಿದೆ.

ಅವರು ಕೊಟ್ಟಿಗೆಯ ಮುಂದೆ, ದನ ನೀರು ಕುಡಿಯುವ ಕಲ್ಲುಬಾನಿಯ ಪಕ್ಕ ಕೂತಿದ್ದರು. ಬಲಗೈ ಮೊಣಕೈವರೆಗೂ ಬಾನಿಯೊಳಗೆ. ಸೊಸೆ ಪಕ್ಕದಲ್ಲಿ ಅಳುತ್ತಲೇ ಬೈಯುತ್ತಿದ್ದಳು. "ನಾನ್ ಹತ್ತುತಿರ್ಲಿಲ್ವಾ? ನಿಂಗ್ಯಾಕ್ ಬೇಕಿತ್ತು ಏಣಿ?"

ಆದದ್ದನ್ನು ಅವಳೇ ಹೇಳಿದಳು. ಅವಳು ಅಂಗಳದಲ್ಲಿ ನನಗೆ ತಿರುಗಿ ಫೋನ್ ಮಾಡಲು ನೋಡುತ್ತಿರುವಾಗ, ಅಜ್ಜಿ ಮಂಕರಿ ಕೆಳಗಿಟ್ಟು, ಹೊರಗೋಡೆಯ ಏಣಿಯನ್ನು ಅಟ್ಟದ ಕಿಂಡಿಗೆ ಆನಿಸಿ ಹತ್ತಿದ್ದಾರೆ. ಒಂದೊಂದೇ ಮೆಟ್ಟಿಲು. ಎಂದಿನಂತೆ ಅಂಗೈ ಪೂರ್ತಿ ಊರಿದ್ದಾರೆ. ಕೂಗಲಿಲ್ಲ. ಕೈ ತೆಗೆದು, ಇಳಿದೇ ಬಂದು, "ಕೆಚ್ಚಲಲ್ಲ ಕಣೇ, ಕಾವಲಿ. ಕಿಚ್ಚು ಎಳೀರಿ, ಯಾರೂ ಒಳೀಕ್ ನಿಂತ್ಕೋಬೇಡಿ" ಎಂದರಂತೆ. ಹೊರಗಿನಿಂದಲೇ ಕೊಕ್ಕೆ ಹಾಕಿ ಮಟ್ಟೆ ಎಳೆದು, ಕೊನೆಯ ಸಲದ್ದು ಬಾಗಿಲು ದಾಟುವಷ್ಟರಲ್ಲಿ ಮೂಲೆಯ ದಬ್ಬೆ ಮುರಿದು ಕಾಯಿ ಸುರಿದವು.

ಅಜ್ಜಿ ಬಾನಿಯಿಂದ ಕೈ ಎತ್ತಿ ನನಗೆ ತೋರಿಸಿದರು. ಅಂಗೈ ಚರ್ಮ ಬಿಳಿಚಿ ಎದ್ದಿತ್ತು. ಬೆರಳುಗಳು ಮುಚ್ಚುತ್ತಿರಲಿಲ್ಲ. "ಬಾ ತಾಯಿ. ಒದ್ದೆ ಆಗಿದ್ದೀಯ. ಮೊದ್ಲು ತಲೆ ಒರಸ್ಕೋ" ಎಂದರು.

ರೂಟರ್ ಎಲ್ಲಿ ಎಂದು ಕೇಳಿದೆ. ಸೊಸೆ ನನ್ನನ್ನು ಮನೆಯೊಳಕ್ಕೆ ಕರೆದೊಯ್ದಳು. ದೇವರ ಗೂಡಿನಲ್ಲಿ ದೀಪದ ಪಕ್ಕ ಆ ಬಿಳಿ ಡಬ್ಬ ಇತ್ತು. ವೈರು ಸುತ್ತಿ, ಬಟ್ಟೆಯಿಂದ ಒರೆಸಿ, ಮೇಲೊಂದು ಕಣಗಿಲೆ ಹೂವಿಟ್ಟಿದ್ದರು. ಅವರಲ್ಲಿ ಹೊಗೆ ಹಾಕುವ ಮೊದಲು ಅಟ್ಟದ ಮನೆಯಲ್ಲಿರುವ ದೀಪವನ್ನೂ ದೇವರ ಪಟವನ್ನೂ ಹೊರಗೆ ತರುತ್ತಾರೆ. ಮಸಿ ತಾಗಬಾರದು. ಬೆಳಕು ಮಿನುಗುವ ಡಬ್ಬವನ್ನೂ ಅವುಗಳ ಜೊತೆ ತಂದಿದ್ದರು. ಡಬ್ಬ ಹಾಕಿದ ಮೇಲೆ ಮೊದಲ ಹೊಗೆ ಅದು. ಅಟ್ಟಕ್ಕೆ ಅಪಾಯ ಶುರುವಾಗುವ ಗಳಿಗೆಗೆ ಸರಿಯಾಗಿ ಸುದ್ದಿ ನಿಂತಿತ್ತು. ಹೊಗೆ ಹಾಕುವಾಗ ಒಳಗಿನದೇನನ್ನು ಹೊರಗೆ ತರುತ್ತೀರಿ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಹಸುವಿನ ಕೆಚ್ಚಲಿನ ಕಾವು ಅಳೆದಿದ್ದೆ, ಅದನ್ನು ಕೇಳಿರಲಿಲ್ಲ.

ಅಂಗಳದಲ್ಲಿ ಮಾತು ಆಗಲೇ ಹರಡಿತ್ತು. "ಡಬ್ಬ ಕಿತ್ತು ಗೂಡಲ್ಲಿ ಇಟ್ಟೋಳು ಇವಳೇ ಕಣ್ರೀ. ಓದಿದೋಳು ಬೇರೆ." ನೆರೆಯ ಹೆಂಗಸೊಬ್ಬರು ಸೊಸೆಯ ಎದುರಿಗೇ ಹೇಳಿದರು. ಕಾರ್ಯದರ್ಶಿಯವರಿಗೆ ಫೋನ್ ಮಾಡಿದಾಗ ಅವರದೂ ಅದೇ ಮಾತು: "ಪ್ಲಗ್ ಕಿತ್ತಿದ್ದು ಅವ್ರೇ ತಾನೇ? ನಮ್ದೇನೂ ಇಲ್ಲ ಬುಡಿ." ಸೊಸೆ ತಲೆ ತಗ್ಗಿಸಿಕೊಂಡು ನೀರು ಗುಡಿಸುತ್ತಿದ್ದಳು. ನಾನು ಅಲ್ಲೇ ನಿಂತಿದ್ದೆ. ಏನೂ ಹೇಳಲಿಲ್ಲ. ಅಜ್ಜಿಯನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ ಮೇಲೆ ತಿಪಟೂರಿಗೆ ಹಿಂದಿರುಗಿದೆ.

ಮೂರನೆಯ ದಿನ ಮತ್ತೆ ಹೋದೆ. ಅಜ್ಜಿ ಜಗುಲಿಯಲ್ಲಿ ಕೂತಿದ್ದರು, ಕೈಗೆ ಬಿಳಿ ಪಟ್ಟಿ. ಸೊಸೆ ಅವರಿಗೆ ಮುದ್ದೆ ಮುರಿದು ತಿನ್ನಿಸುತ್ತಿದ್ದಳು. ಇಬ್ಬರ ಎದುರಿಗೂ ಹೇಳಿದೆ. ಡಬ್ಬ ತೆಗೆದದ್ದರಿಂದ ಸುದ್ದಿ ನಿಂತಿತು, ಅಷ್ಟೇ. ನಿಂತ ಸುದ್ದಿಯನ್ನು ಬರುತ್ತಿರುವ ಸುದ್ದಿಯ ಹಾಗೆ ತೋರಿಸಿದ್ದು ನಾನು ಬರೆದ ಸಾಲು. ಪುಟ ಬಿಳಿಯಾಗಿದ್ದರೆ ನೀವು ನಾಲ್ಕು ಮಂಕರಿ ಹಾಕುತ್ತಿರಲಿಲ್ಲ. ಜನ ನಕ್ಕರು ಎಂದು ಹಾಗೆ ಮಾಡಿದೆ.

ಸೊಸೆ ಕೈಯಲ್ಲಿನ ತುತ್ತು ಹಿಡಿದೇ ನನ್ನನ್ನು ನೋಡಿದಳು. "ಅವತ್ತೇ ಹೇಳ್ಬೋದಿತ್ತಲ್ಲ ಮೇಡಂ" ಎಂದಳು. ಹೌದು ಎಂದೆ.

ಅಜ್ಜಿ ಕೇಳಿದರು: "ಗೊತ್ತಿಲ್ಲ ಅನ್ನೋಕೆ ಬರಾಕಿಲ್ವಾ ಅದಕ್ಕೆ?"

"ಬರುತ್ತೆ ಅಜ್ಜಿ. ನಾನೇ ಬೇಡ ಅಂದಿದ್ದೆ."

"ಹಂಗಾದ್ರೆ ಅನ್ನಿಸು. ನನ್ ಗಂಡನೂ ಹಂಗೇ ಇದ್ದ. ಗೊತ್ತಿಲ್ಲ ಅಂತ ಬಾಯಲ್ಲಿ ಬರ್ತಿರ್ಲಿಲ್ಲ, ಸಂತೆಗೆ ಅಂತ ಹೊರಟು ಬೇರೆ ಊರಿಗೆ ಕರ್ಕೊಂಡೋಗ್ತಿದ್ದ." ಸೊಸೆಗೆ ನಗು ಬಂತು. ನನಗೆ ಬರಲಿಲ್ಲ.

ಅವತ್ತು ಸಂಜೆ ಆ ಸಾಲು ತೆಗೆದೆ. ಈಗ ಇಪ್ಪತ್ತು ನಿಮಿಷ ಕಡತ ಬರದಿದ್ದರೆ ಚೌಕದ ಅಂಕಿ ಅಳಿಸಿ ಹೋಗುತ್ತದೆ. "ಸುದ್ದಿ ಬಂದಿಲ್ಲ" ಎಂದು ಬರುತ್ತದೆ, ಎಷ್ಟು ಹೊತ್ತಿನಿಂದ ಎಂದೂ ಬರುತ್ತದೆ. ಮುಂದಿನ ಸಭೆಯಲ್ಲಿ ಇದನ್ನೂ, ಇದರ ಕಾರಣವನ್ನೂ ಹೇಳಿದೆ. ಕಾರ್ಯದರ್ಶಿಯವರು ಫೈಲು ನೋಡುತ್ತಿದ್ದರು. ರೂಟರುಗಳನ್ನು ಅಟ್ಟದ ಮನೆಯಿಂದ ತೆಗೆದು ವಾಸದ ಮನೆಯ ಗೋಡೆಗೆ ಹಾಕಿಸಿದೆವು.

ಅಜ್ಜಿಯ ಅಂಗೈ ವಾಸಿಯಾಯಿತು. ಬೆರಳು ಮಡಚುತ್ತವೆ, ಮಂಕರಿ ಹಿಡಿಯುತ್ತಾರೆ. ಆದರೆ ಹೊಸ ಚರ್ಮಕ್ಕೆ ಬಿಸಿ, ತಂಪು ಸರಿಯಾಗಿ ತಿಳಿಯುವುದಿಲ್ಲ. ಕಾಫಿ ಲೋಟವನ್ನು ಈಗ ಎಡಗೈಯಲ್ಲಿ ಮುಟ್ಟಿ ನೋಡಿ ಬಲಗೈಗೆ ತೆಗೆದುಕೊಳ್ಳುತ್ತಾರೆ. ಅದನ್ನು ನಾನು ಎರಡು ಸಲ ನೋಡಿದ್ದೇನೆ.

ಹೊಸ ದಬ್ಬೆ ಹಾಕಿದ ಮೇಲೆ ಮೊದಲ ಹೊಗೆಯ ದಿನ ಕರೆಸಿಕೊಂಡರು. ಹನ್ನೊಂದರ ಹೊತ್ತಿಗೆ ಕರೆಂಟು ಹೋಯಿತು. ಇಪ್ಪತ್ತು ನಿಮಿಷದ ಮೇಲೆ ಸೊಸೆಯ ಫೋನಿನಲ್ಲಿ ಚೌಕ ಬಿಳಿಯಾಯಿತು. ಅವಳು ಅದನ್ನು ಅಜ್ಜಿಯ ಮುಖದ ಮುಂದೆ ಹಿಡಿದಳು.

"ಗೊತ್ತಿಲ್ಲ ಅಂತದೆ ಅತ್ತೆ."

"ಹತ್ತು ಹಂಗಾದ್ರೆ. ಮೊದ್ಲು ಕೈ ಹಿಂಬದಿ ಹಿಡಿ, ದೂರದಿಂದ. ಸುಡಾಕಿಲ್ಲ ಅಂದ್ರೆ ಆಮೇಲೆ ಅಂಗೈ."

ಸೊಸೆ ಸೆರಗು ಸಿಕ್ಕಿಸಿ ಹತ್ತಿದಳು. ನಾನು ಏಣಿಯ ಕಾಲು ಒತ್ತಿ ಹಿಡಿದೆ. ಮೇಲೆ ಅವಳು ಕಿಂಡಿಯೊಳಕ್ಕೆ ಕೈ ಚಾಚಿ, ಮೊದಲು ಹಿಂಬದಿ ಹಿಡಿದು, ಆಮೇಲೆ ಅಂಗೈ ಊರಿದಳು.

"ಬೆಚ್ಚಗದೆ ಅತ್ತೆ."

"ಬೆಚ್ಚಗೆ ಅಂದ್ರೆ ಏನೇ? ಕೂಸಿನ ಹೊಟ್ಟೆನಾ, ಕೆಚ್ಚಲಾ?"

ಅವಳು ಅಂಗೈ ಎತ್ತಿ, ಇನ್ನೊಂದು ಜಾಗದಲ್ಲಿ ಊರಿ, ಅಲ್ಲಿಂದ ಮೂಲೆಯ ಹೊಸ ದಬ್ಬೆಯ ಮೇಲೂ ಊರಿ ನೋಡಿದಳು. ಕೆಳಗೆ ನಾವಿಬ್ಬರೂ ಕಾದೆವು.

"ಇಲ್ಲಿ ಕೂಸು. ಮೂಲೇಲಿ ಇನ್ನೂ ಗೊತ್ತಾಗ್ತಿಲ್ಲ. ತಡೀರಿ, ನೋಡ್ತೀನಿ."

"ನೋಡು, ನೋಡು. ಅವಸರ ಇಲ್ಲ" ಎಂದರು ಅಜ್ಜಿ, ಕೈಯಲ್ಲಿದ್ದ ಮಂಕರಿಯನ್ನು ಕೆಳಗಿಟ್ಟು.